"ಹಿನ್ನೆಲೆ ಓದು ನಡೆಯುತ್ತಿದೆ": ಒಂದು ನಾಯಕತ್ವ ಇಂಟರ್ನ್‌ಶಿಪ್‌ನ ಪ್ರಕರಣ ಅಧ್ಯಯನ

ಮೊದಲ ಶುಕ್ರವಾರದ ರಿಪೋರ್ಟಿನಲ್ಲಿ ನಮ್ಮ ಇಂಟರ್ನ್ ಹುಡುಗಿಯೊಬ್ಬಳು ಬರೆದದ್ದು: "ಸಂಸ್ಥೆಯ ಪರಿಚಯ ಆಯಿತು. ಹಿನ್ನೆಲೆ ಓದು ನಡೆಯುತ್ತಿದೆ." ಎರಡನೇ ಶುಕ್ರವಾರ: "ಹಿನ್ನೆಲೆ ಓದು ಮುಂದುವರಿದಿದೆ." ಮೂರನೇ ಶುಕ್ರವಾರ: "ಹಿನ್ನೆಲೆ ಓದು ಬಹುತೇಕ ಮುಗಿದಿದೆ." ಮೂರೂ ಹಾಳೆಗಳ ಕೆಳಗೆ ನನ್ನ ಕೈಬರಹದಲ್ಲಿ ಒಂದೇ ಪದ ಇದೆ: "ಗುಡ್."

ಆ ಮೂರು ಹಾಳೆ ಈಗಲೂ ನನ್ನ ಹತ್ತಿರ ಇವೆ. ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ನಡೆಸುವವರಿಗೆ, ಇಂಟರ್ನ್‌ಶಿಪ್‌ಗೆ ಹೊರಟವರಿಗೆ ಇವುಗಳ ಕತೆ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಹೇಳಲ್ಲ, ಜನರ ಹೆಸರೂ ಬೇಡ. ತಪ್ಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನನ್ನವೇ.

ಕಾರ್ಯಕ್ರಮ ಹೇಗಿತ್ತು

ಮಕ್ಕಳಿಗೆ ಓದು ಕಲಿಸುವ ಒಂದು ಸ್ವಯಂಸೇವಾ ಸಂಸ್ಥೆ. ಎಂಟು ಕೇಂದ್ರಗಳಿವೆ, ಪ್ರತಿ ಶನಿವಾರ ಸ್ವಯಂಸೇವಕರು ಬಂದು ಮಕ್ಕಳ ಜೊತೆ ಕೂತು ಓದಿಸುತ್ತಾರೆ. ಅಲ್ಲಿ ಹತ್ತು ವಾರದ ಯುವ ನಾಯಕತ್ವ ಕಾರ್ಯಕ್ರಮ ಶುರು ಮಾಡಿದೆವು. ಅದರ ಹೊಣೆ ನನ್ನದು. ಕೊನೇ ವರ್ಷದ ವಿದ್ಯಾರ್ಥಿಗಳು, ಆಗಷ್ಟೇ ಡಿಗ್ರಿ ಮುಗಿಸಿದವರು ಸೇರಿ ಆರು ಜನರನ್ನು ಆರಿಸಿಕೊಂಡೆವು. ಸೋಮವಾರದಿಂದ ಗುರುವಾರದವರೆಗೆ ಒಂದೊಂದು ವಿಭಾಗದಲ್ಲಿ ಕೆಲಸ. ಶುಕ್ರವಾರ ಎಲ್ಲರೂ ಒಟ್ಟಿಗೆ ಕೂತು ನಾಯಕತ್ವದ ತರಗತಿ: ನಾಲ್ಕು ಜನರ ಮುಂದೆ ಮಾತಾಡುವುದು, ತಂಡ ಕಟ್ಟುವುದು, ಜಗಳ ಬಿಡಿಸುವುದು, ಇಂಥವು.

ಕರಪತ್ರದಲ್ಲಿ ದೊಡ್ಡದೊಂದು ವೃತ್ತ ಹಾಕಿಸಿ ಮೂರು ಭಾಗ ಮಾಡಿಸಿದ್ದೆವು. ಕಲಿಕೆಯಲ್ಲಿ 70 ಭಾಗ ಕೆಲಸದಿಂದ, 20 ಭಾಗ ಬೇರೆಯವರಿಂದ, 10 ಭಾಗ ತರಗತಿಯಿಂದ. ಈ ಕ್ಷೇತ್ರದಲ್ಲಿ ಇದ್ದವರೆಲ್ಲ ಒಂದಲ್ಲ ಒಂದು ಸಲ ಆ ವೃತ್ತ ಬಿಡಿಸಿರುತ್ತಾರೆ. ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಸಂಸ್ಥೆಯವರು 1980ರ ದಶಕದಲ್ಲಿ ಹಿರಿಯ ಅಧಿಕಾರಿಗಳನ್ನು "ನೀವು ಬೆಳೆದದ್ದು ಯಾವುದರಿಂದ?" ಅಂತ ಕೇಳಿ ನಡೆಸಿದ ಅಧ್ಯಯನದಿಂದ ಹುಟ್ಟಿದ ಲೆಕ್ಕ ಅದು. ಅಂದ್ರೆ ಅಳತೆ ಮಾಡಿದ್ದಲ್ಲ, ಅವರವರ ನೆನಪು. ಅದಿರಲಿ. ಕೆಲಸದಿಂದಲೇ ಜಾಸ್ತಿ ಕಲಿಯುತ್ತಾರೆ ಅಂತ ನಾವೇ ಅಚ್ಚು ಹಾಕಿಸಿದ್ದೆವಲ್ಲ, ಹಾಗಾದರೆ ಆ ಕೆಲಸ ಏನು ಅಂತ ಕೂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ತರಗತಿಯ ಆ 10 ಭಾಗಕ್ಕೇ ಮೂರು ವಾರ ತಯಾರಿ ಮಾಡಿದೆವು. ಮಿಕ್ಕ 90 ಭಾಗವನ್ನು ಆಯಾ ವಿಭಾಗದವರು ನೋಡಿಕೊಳ್ಳುತ್ತಾರೆ ಅಂತ ಬಿಟ್ಟೆವು.

ನಾನು ಹೇಳಹೊರಟ ಹುಡುಗಿಗೆ ಕೊಟ್ಟ ಕೆಲಸ ಒಂದೇ ಸಾಲಿನದು: "ಸ್ವಯಂಸೇವಕರು ಉಳಿದುಕೊಳ್ಳುವಂತೆ ಕಾರ್ಯತಂತ್ರ ರೂಪಿಸುವುದು." ಬರೆದದ್ದು ನಾನೇ. ಸಂಬಳ ತಗೊಂಡು ಆರು ವರ್ಷದಿಂದ ಕೂತಿದ್ದ ನಮಗೇ ಆಗದ್ದನ್ನು ಹತ್ತು ವಾರದಲ್ಲಿ, ಅದೂ ವಾರಕ್ಕೆ ನಾಲ್ಕೇ ದಿನದಲ್ಲಿ ಮಾಡು ಅಂತ 21 ವರ್ಷದವಳಿಗೆ ಹೇಳಿದ್ದೆ. ಬರೆಯುವಾಗ ಕೈ ನಡುಗಲಿಲ್ಲ.

ಅವಳಿಗೆ ಮೆಂಟರ್ ಆಗಿ ಕೊಟ್ಟದ್ದು ಸ್ವಯಂಸೇವಕರ ವಿಭಾಗದ ಮುಖ್ಯಸ್ಥರನ್ನು. ಒಳ್ಳೆಯವರು, ಕೆಲಸಗಾರರು. ಅದೇ ಸಮಸ್ಯೆ. ಯಾವ ಸಂಸ್ಥೆಯಲ್ಲಾದರೂ ಇಂಟರ್ನ್‌ಗಳನ್ನು ಅತಿ ಹೆಚ್ಚು ಕೆಲಸ ಮಾಡುವವರಿಗೇ ಒಪ್ಪಿಸುತ್ತಾರೆ, ಅವರಿಗೇ ಬಿಡುವು ಎಲ್ಲಕ್ಕಿಂತ ಕಡಿಮೆ. ಎರಡನೇ, ಮೂರನೇ ವಾರ ಅವರು ಕೇಂದ್ರಗಳ ಪ್ರವಾಸದಲ್ಲಿದ್ದರು. ಅದು ತಿಂಗಳ ಮುಂಚೆಯೇ ಕ್ಯಾಲೆಂಡರಿನಲ್ಲಿತ್ತು. ನೋಡಿದ್ದರೆ ಗೊತ್ತಾಗುತ್ತಿತ್ತು.

ಇನ್ನೊಂದು. ಸ್ವಯಂಸೇವಕರ ಪಟ್ಟಿ ಇದ್ದದ್ದು ಕಂಪ್ಯೂಟರಿನಲ್ಲಿ. ಅದಕ್ಕೆ ಲಾಗಿನ್ ಬೇಕು, ಲಾಗಿನ್‌ಗೆ ಮೂರು ಸಹಿ ಬೇಕು. ಮೂರನೇ ಸಹಿ ಮಾಡಬೇಕಾದವರು ಇದೇ ಪ್ರವಾಸಕ್ಕೆ ಹೋದ ಮುಖ್ಯಸ್ಥರು.

ಇಂಟರ್ನ್ ಅನ್ನುವ ಪದದ ಮೂಲವೇ ತಮಾಷೆಯಾಗಿದೆ. ಫ್ರೆಂಚಿನ 'ಅಂತೆರ್ನ್', ಅಂದ್ರೆ ಒಳಗಿರುವವನು. 1802ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ಪರೀಕ್ಷೆ ನಡೆಸಿ ಇಂಥ ವೈದ್ಯ ವಿದ್ಯಾರ್ಥಿಗಳನ್ನು ಆರಿಸುವ ಪದ್ಧತಿ ಶುರುವಾಯಿತು. ಅವರು ಆಸ್ಪತ್ರೆಯೊಳಗೇ ಇದ್ದು, ರೋಗಿಗಳ ನಡುವೆಯೇ ಕಲಿಯಬೇಕಿತ್ತು. ನಮ್ಮ ಇಂಟರ್ನ್ ಕಟ್ಟಡದ ಒಳಗೇನೋ ಇದ್ದಳು. ಕೆಲಸದ ಒಳಗೆ ಹೋಗೋದಕ್ಕೆ ಬಾಗಿಲೇ ತೆರೆದಿರಲಿಲ್ಲ.

ಮೊದಲು ಬಿಟ್ಟುಹೋದವನು

ನನಗೆ ಎಚ್ಚರ ಆದದ್ದು ಅವಳಿಂದ ಅಲ್ಲ. ಮೂರನೇ ವಾರದ ಕೊನೆಗೆ ಆರರಲ್ಲಿ ಒಬ್ಬ ಹುಡುಗ ಕಾರ್ಯಕ್ರಮ ಬಿಟ್ಟ. ಎರಡು ಸಾಲಿನ ಪತ್ರ, "ವೈಯಕ್ತಿಕ ಕಾರಣ." ನಾನು ಫೈಲಿಗೆ ಸೇರಿಸಿದೆ. ಎರಡು ದಿನ ಬಿಟ್ಟು ಯಾಕೋ ಮನಸ್ಸು ತಡೆಯದೆ ಫೋನ್ ಮಾಡಿದೆ.

"ಮೇಡಂ, ಸ್ಟೈಪೆಂಡ್ ಕೊನೆಗೆ ಒಟ್ಟಿಗೆ ಕೊಡ್ತೀರಿ ಅಂತ ಗೊತ್ತಿತ್ತು. ಆದ್ರೆ ಬಾಡಿಗೆ ಒಂದನೇ ತಾರೀಕಿಗೇ ಬರುತ್ತೆ" ಅಂದ. ಸಂಜೆ ಬೇರೆ ಕಡೆ ಕೆಲಸ ಮಾಡುತ್ತಿದ್ದನಂತೆ. ಬೆಳಗ್ಗೆ ನಮ್ಮಲ್ಲಿ, ರಾತ್ರಿ ಹತ್ತರವರೆಗೆ ಅಲ್ಲಿ. ದಣಿವಿನ ಬಗ್ಗೆ ದೂರಲಿಲ್ಲ. "ಇಲ್ಲಿ ಏನಾದ್ರೂ ಕಲೀತಿದ್ರೆ ಹೇಗೋ ತೂಗಿಸ್ತಿದ್ದೆ" ಅಂದ. ಆ ಮಾತು ಚುಚ್ಚಿತು.

ಅವನ ರಿಪೋರ್ಟುಗಳನ್ನು ತೆಗೆದು ನೋಡಿದೆ. "ಎಂಟ್ರಿ 410." "ಎಂಟ್ರಿ 385." "ಎಂಟ್ರಿ 402." ದೇಣಿಗೆ ರಸೀದಿಗಳನ್ನು ಕಂಪ್ಯೂಟರಿಗೆ ಹಾಕುತ್ತಿದ್ದ, ಅಷ್ಟೇ. ಆ ಕೆಲಸ ಮಾಡುತ್ತಿದ್ದ ನೌಕರರು ಎರಡು ತಿಂಗಳ ಹಿಂದೆ ಬಿಟ್ಟಿದ್ದರು. ಜಾಗ ಖಾಲಿ ಇತ್ತು. ಲೆಕ್ಕದ ವಿಭಾಗದವರು ಇಂಟರ್ನ್ ಬೇಕು ಅಂತ ಕೇಳಿದ್ದು ಯಾಕೆ ಅಂತ ಆಗ ತಲೆಗೆ ಹೋಯಿತು. ನಾಯಕತ್ವ ಕಲಿಸುತ್ತೇವೆ ಅಂತ ಕರೆದು, ಖಾಲಿ ಕುರ್ಚಿಗೆ ಕೂರಿಸಿದ್ದೆವು.

ಇಂಥದ್ದೇ ವಿಷಯ ಅಮೆರಿಕದಲ್ಲಿ ಕೋರ್ಟಿಗೆ ಹೋಗಿತ್ತು. ಸಿನಿಮಾ ತಯಾರಿಕೆಯಲ್ಲಿ ಸಂಬಳವಿಲ್ಲದೆ ದುಡಿದ ಇಂಟರ್ನ್‌ಗಳು 2011ರಲ್ಲಿ ಫಾಕ್ಸ್ ಸರ್ಚ್‌ಲೈಟ್ ಕಂಪನಿಯ ಮೇಲೆ ದಾವೆ ಹೂಡಿದರು. 2013ರಲ್ಲಿ ಕೆಳಗಿನ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. 2015ರಲ್ಲಿ ಮೇಲ್ಮನವಿ ಕೋರ್ಟು ಅದನ್ನು ಬದಿಗಿಟ್ಟು, ಈ ಏರ್ಪಾಡಿನಿಂದ ಮುಖ್ಯವಾಗಿ ಲಾಭ ಆಗುತ್ತಿರುವುದು ಯಾರಿಗೆ ಅಂತ ತೂಗಿ ನೋಡಬೇಕು ಅಂದಿತು. ತೂಗೋದಕ್ಕೆ ಏಳು ಅಂಶ ಕೊಟ್ಟಿತು. 2018ರಲ್ಲಿ ಅಲ್ಲಿನ ಕಾರ್ಮಿಕ ಇಲಾಖೆಯೂ ಅದನ್ನೇ ಹಿಡಿಯಿತು. ಸಂಬಳ ಇಲ್ಲ ಅನ್ನೋದು ಇಬ್ಬರಿಗೂ ಮೊದಲೇ ಸ್ಪಷ್ಟವಾಗಿತ್ತಾ, ತರಬೇತಿ ಕಾಲೇಜಿನ ಕಲಿಕೆಯಂತೆ ಇದೆಯಾ, ಅವರ ಓದಿಗೆ ಸಂಬಂಧ ಇದೆಯಾ, ಪರೀಕ್ಷೆ-ತರಗತಿಗಳ ವೇಳೆಗೆ ಹೊಂದುತ್ತದಾ, ಕಲಿಯೋದು ಮುಗಿದ ಮೇಲೂ ಸುಮ್ನೆ ಎಳೆದಿದ್ದಾರಾ, ಸಂಬಳದ ನೌಕರರ ಕೆಲಸವನ್ನು ಇವರಿಂದ ಮಾಡಿಸುತ್ತಿದ್ದಾರಾ, ಕೊನೆಗೆ ನೌಕರಿ ಗ್ಯಾರಂಟಿ ಇಲ್ಲ ಅಂತ ಇಬ್ಬರಿಗೂ ಗೊತ್ತಿದೆಯಾ.

ಅದು ಆ ದೇಶದ ಕಾನೂನು. ಆದ್ರೆ ಪ್ರಶ್ನೆಗಳು ಯಾವ ಮೇಜಿಗಾದರೂ ಸಲ್ಲುತ್ತವೆ. ಒಂದು ಹಾಳೆಯಲ್ಲಿ ಏಳನ್ನೂ ಬರೆದು, ಆ ಹುಡುಗನ ಮೂರು ವಾರವನ್ನು ಅದರ ಪಕ್ಕ ಇಟ್ಟು ನೋಡಿದೆ. ಮೊದಲನೆಯದು, ನಾಲ್ಕನೆಯದು, ಏಳನೆಯದು ಪರವಾಗಿಲ್ಲ. ಆರನೆಯದಕ್ಕೆ ಬಂದಾಗ ಪೆನ್ನು ನಿಂತಿತು. ಮೊದಲ ವಾರವೇ ಅವನು ರಸೀದಿ ಹಾಕೋದು ಕಲಿತಾಗಿತ್ತು, ಹಾಗಾಗಿ ಐದನೆಯದರಲ್ಲೂ ನಾವು ಫೇಲ್.

ಅವನಿಗೆ ಮೂರು ವಾರದ ಹಣ ಕಳಿಸಿದೆವು. ಅದಕ್ಕೂ ಹನ್ನೆರಡು ದಿನ ಹಿಡಿಯಿತು.

ಆಮೇಲೆ ಉಳಿದವರ ರಿಪೋರ್ಟುಗಳನ್ನೂ ಒಂದರ ಪಕ್ಕ ಒಂದಿಟ್ಟು ಓದಿದೆ. ಒಂದೊಂದಾಗಿ ಓದಿದಾಗ ಎಲ್ಲವೂ ಸರಿ ಅನ್ನಿಸಿದ್ದವು. ಸಾಲಾಗಿ ಇಟ್ಟಾಗ ಕಂಡದ್ದು "ಹಿನ್ನೆಲೆ ಓದು, ಹಿನ್ನೆಲೆ ಓದು, ಹಿನ್ನೆಲೆ ಓದು." ಅದರ ಕೆಳಗೆ ನನ್ನ ಗುಡ್, ಗುಡ್, ಗುಡ್.

ಐದನೇ ವಾರ, ಅವಳ ಮೇಜಿನ ಹತ್ತಿರ

ಸೋಮವಾರ ಬೆಳಗ್ಗೆ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ. "ಏನಮ್ಮಾ, ಇಲ್ಲಿವರೆಗೂ ಮಾಡಿರೋದು ತೋರಿಸು" ಅಂದೆ. ಅವಳು ತೆರೆದ ಫೈಲಿನ ಹೆಸರು "ಅಂತಿಮ 7." ಒಟ್ಟು 31 ಸ್ಲೈಡು. ಬೇರೆ ಬೇರೆ ದೇಶಗಳಲ್ಲಿ ಸ್ವಯಂಸೇವಕರನ್ನು ಹೇಗೆ ಉಳಿಸಿಕೊಳ್ಳುತ್ತಾರೆ, ಪ್ರೇರಣೆಯ ಸಿದ್ಧಾಂತಗಳು, ಬಾಣದ ಗುರುತು, ಬಣ್ಣದ ಡಬ್ಬಿಗಳು. ನಮ್ಮ ಒಬ್ಬೇ ಒಬ್ಬ ಸ್ವಯಂಸೇವಕನ ಬಗ್ಗೆ ಒಂದು ಸಾಲೂ ಇರಲಿಲ್ಲ. ಇರೋದಕ್ಕೆ ಹೇಗೆ ಸಾಧ್ಯ? ಲಾಗಿನ್ ಬಂದದ್ದು ಹಿಂದಿನ ಗುರುವಾರ ಮಧ್ಯಾಹ್ನ.

"ಲಾಗಿನ್ ಇಲ್ಲ ಅಂತ ನನಗೆ ಯಾಕೆ ಹೇಳಲಿಲ್ಲ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮೇಡಂ, ನಾಯಕತ್ವದ ಕಾರ್ಯಕ್ರಮ ಅಲ್ವಾ. ಆಗ್ತಾ ಇಲ್ಲ ಅಂತ ಹೇಳಿದ್ರೆ ನನ್ನಲ್ಲೇ ಏನೋ ಕೊರತೆ ಅಂದ್ಕೊಳ್ತೀರೇನೋ ಅಂತ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಶುಕ್ರವಾರದ ರಿಪೋರ್ಟಿನ ನಮೂನೆ ಮಾಡಿದವಳು ನಾನು. ಅದರಲ್ಲಿ ಮೂರು ಪ್ರಶ್ನೆ: ಏನು ಮಾಡಿದಿರಿ, ಏನು ಕಲಿತಿರಿ, ಮುಂದಿನ ವಾರ ಏನು. ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಅಂತ ಕೇಳಲು ಜಾಗವೇ ಇರಲಿಲ್ಲ. ಅದೇ ಶುಕ್ರವಾರ ತರಗತಿಯಲ್ಲಿ ಏನು ಹೇಳುತ್ತಿದ್ದೆವು? ಆತ್ಮವಿಶ್ವಾಸ ತೋರಿಸಿ, ಸಮಸ್ಯೆ ತರಬೇಡಿ ಪರಿಹಾರ ತನ್ನಿ. ಆ ಪಾಠವನ್ನು ಅವಳು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದಳು.

ಏಮಿ ಎಡ್ಮಂಡ್ಸನ್ ಅನ್ನುವ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಎಣಿಸಲು ಹೋಗಿದ್ದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಅವರ ಅಂದಾಜು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ತಪ್ಪು ಜಾಸ್ತಿ ದಾಖಲಾಗಿತ್ತು. ಅವರು ಜಾಸ್ತಿ ತಪ್ಪು ಮಾಡುತ್ತಿದ್ದರು ಅಂತಲ್ಲ. ಆದ ತಪ್ಪನ್ನು ಹೆದರದೆ ಹೇಳುತ್ತಿದ್ದರು. ಈ ಕತೆಯನ್ನು ಎರಡನೇ ಶುಕ್ರವಾರದ ತರಗತಿಯಲ್ಲಿ ನಾನೇ ಹೇಳಿದ್ದೆ. ಹೇಳಿ, ಸಂಜೆ ಆ ಹಾಳೆಗೆ "ಗುಡ್" ಬರೆದಿದ್ದೆ.

ಪ್ರಶ್ನೆಯನ್ನು ಚಿಕ್ಕದು ಮಾಡಿದ್ದು

ಉಳಿದದ್ದು ಆರು ವಾರ. 31 ಸ್ಲೈಡನ್ನು ಪಕ್ಕಕ್ಕಿಟ್ಟೆವು. ಅವಳಿಗೆ ಬೇಜಾರಾಯಿತು, ಮುಖದಲ್ಲೇ ಕಾಣುತ್ತಿತ್ತು. ನಾಲ್ಕು ವಾರದ ದುಡಿಮೆ ಅಲ್ವಾ. ಆದ್ರೆ ಮುಂದಿನ ಒಂದು ಗಂಟೆ ಈ ಇಡೀ ಪ್ರಕರಣದ ತಿರುವು ಅಂತ ನನಗನ್ನಿಸುತ್ತದೆ. ಅವತ್ತು ಮಾಡಿದ್ದು ಇಷ್ಟೇ: "ಸ್ವಯಂಸೇವಕರು ಯಾಕೆ ಉಳಿಯಲ್ಲ" ಅನ್ನುವುದನ್ನು "ಮೊದಲ ಸಲ ಬಂದವರಲ್ಲಿ ಎಷ್ಟು ಜನ ಎರಡನೇ ಸಲ ಬರಲಿಲ್ಲ, ಯಾಕೆ" ಅಂತ ಮಾಡಿಕೊಂಡೆವು. ಮೊದಲನೆಯದಕ್ಕೆ ಸಿದ್ಧಾಂತ ಬೇಕು. ಎರಡನೆಯದಕ್ಕೆ ಹಾಜರಿ ಪುಸ್ತಕ ಸಾಕು. ಹಾಜರಿ ಪುಸ್ತಕಕ್ಕೆ ಲಾಗಿನ್ ಬೇಕಾಗಿಲ್ಲ. ಅವು ಮೊದಲ ದಿನದಿಂದಲೂ ಅವಳ ಮೇಜಿನಿಂದ ಹತ್ತು ಹೆಜ್ಜೆ ದೂರದ ಕಪಾಟಿನಲ್ಲಿದ್ದವು.

ಎಂಟು ಕೇಂದ್ರದ ಆರು ತಿಂಗಳ ಪುಸ್ತಕ ತಿರುವಿ ಹಾಕಿದಳು. ಹೊಸದಾಗಿ ಸೇರಿದವರು 140. ಎರಡನೇ ಸಲ ಬರದವರು 58.

ಆ 58 ಜನಕ್ಕೂ ಒಂದೇ ವಾರದಲ್ಲಿ ಫೋನ್ ಮಾಡಿ, ಬರೆದು, ವಿಂಗಡಿಸಿ ಮುಗಿಸುತ್ತೇನೆ ಅಂದಳು. ಇಲ್ಲಿ ನಾನು ತಡೆದೆ. ತಾವು ಮಾಡುವ ಕೆಲಸಕ್ಕೆ ಎಷ್ಟು ದಿನ ಬೇಕು ಅಂತ ಜನ ಹೇಳುವ ಅಂದಾಜು ಸಾಮಾನ್ಯವಾಗಿ ಕಮ್ಮಿಯೇ. 1994ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ಮನಶ್ಶಾಸ್ತ್ರದ ವಿದ್ಯಾರ್ಥಿಗಳು ಸರಾಸರಿ 34 ದಿನದಲ್ಲಿ ಮುಗಿಸುತ್ತೇವೆ ಅಂದಿದ್ದರು. ಹಿಡಿದದ್ದು ಸರಾಸರಿ 55 ದಿನ. ಎಲ್ಲವೂ ಕೈಕೊಟ್ಟರೆ ಎಷ್ಟಾಗಬಹುದು ಅಂತ ಕೇಳಿದಾಗಲೂ ಅವರು ಹೇಳಿದ್ದು 49ರ ಆಸುಪಾಸು. ಓದಿದ ಮೇಲಿಂದ ಯಾರೇ ದಿನ ಹೇಳಿದರೂ ಮನಸ್ಸಿನಲ್ಲೇ ಒಂದೂವರೆ ಪಟ್ಟು ಮಾಡಿಕೊಳ್ಳುತ್ತೇನೆ, ನನ್ನ ಮಾತನ್ನೂ ಸೇರಿಸಿ. ಎರಡು ವಾರ ಅಂತ ಇಟ್ಟುಕೊಂಡೆವು. 58ರಲ್ಲಿ ಓದೋದಕ್ಕೆ ಆಗುವ ಫೋನ್ ನಂಬರ್ ಇದ್ದದ್ದು 41 ಜನರದ್ದು. ಸಿಕ್ಕಿದ್ದು 26 ಜನ.

ಮೊದಲ ಕರೆಗೆ ನಾನು ಪಕ್ಕದಲ್ಲೇ ಇದ್ದೆ. ಒಂದು ಹಾಳೆ ಪೂರ್ತಿ ಬರೆದುಕೊಂಡಿದ್ದಳು. ಅದನ್ನು ವಾರ್ತೆ ಓದುವ ಹಾಗೆ ಓದಿದಳು: "ನಮಸ್ಕಾರ, ನಮ್ಮ ಸಂಸ್ಥೆಯ ಸ್ವಯಂಸೇವಕರ ಅನುಭವದ ಗುಣಮಟ್ಟವನ್ನು..." ಆ ಕಡೆಯವರು "ನಂಗೇನೂ ಬೇಡ" ಅಂತ ಇಟ್ಟುಬಿಟ್ಟರು. ಏನೋ ಮಾರೋದಕ್ಕೆ ಫೋನ್ ಮಾಡಿದ್ದಾರೆ ಅಂದುಕೊಂಡಿರಬೇಕು. ಎರಡನೆಯದು, ಮೂರನೆಯದು ಹಾಗೇ. ನಾನು ಎದ್ದು ಬಂದೆ, ಪಕ್ಕದಲ್ಲಿ ಕೂತರೆ ಇನ್ನೂ ಬಿಗಿಯಾಗುತ್ತಾಳೆ ಅಂತ. ಮಧ್ಯಾಹ್ನ ಆ ಕಡೆ ಹೋದಾಗ ಹಾಳೆ ಮಗುಚಿ ಇಟ್ಟಿತ್ತು. ಅವಳು ಫೋನಿನಲ್ಲಿ ಹೇಳುತ್ತಿದ್ದಳು: "ಮಾರ್ಚಿನಲ್ಲಿ ಒಂದು ಶನಿವಾರ ಬಂದಿದ್ರಲ್ಲ, ಅವತ್ತು ಏನಾಯ್ತು?" ಆಮೇಲೆ ತುಂಬಾ ಹೊತ್ತು ಸುಮ್ನೆ ಕೇಳುತ್ತಿದ್ದಳು.

26ರಲ್ಲಿ 14 ಜನ ಹೇಳಿದ್ದು ಹೆಚ್ಚುಕಮ್ಮಿ ಒಂದೇ ಮಾತು. ಮತ್ತೆ ಯಾವಾಗ ಬರಬೇಕು ಅಂತ ಯಾರೂ ಹೇಳಲಿಲ್ಲ, ಇಲ್ಲವೇ ಮೆಸೇಜ್ ಬರುವಷ್ಟರಲ್ಲಿ ಆ ಶನಿವಾರ ಬೇರೆ ಏನಕ್ಕೋ ಹೋಗಿಯಾಗಿತ್ತು. ಆರು ಜನಕ್ಕೆ ದೂರ ಅಥವಾ ವೇಳೆ ಹೊಂದಲಿಲ್ಲ. ನಾಲ್ವರಿಗೆ ಪರೀಕ್ಷೆ. ಇಬ್ಬರು, ಮಕ್ಕಳು ತಮ್ಮ ಮಾತು ಕೇಳಲಿಲ್ಲ, ಮುಜುಗರ ಆಯಿತು ಅಂದರು.

ಶನಿವಾರದ ಪಟ್ಟಿಯನ್ನು ನಾವು ಗುರುವಾರ ರಾತ್ರಿ ಕಳಿಸುತ್ತಿದ್ದೆವು. ವರ್ಷಗಳಿಂದ ಹಾಗೇ. "ಈಗಿನ ಹುಡುಗರಿಗೆ ಬದ್ಧತೆ ಇಲ್ಲ" ಅಂತ ಮೀಟಿಂಗುಗಳಲ್ಲಿ ಮಾತಾಡಿಕೊಂಡೂ ವರ್ಷಗಳಾಗಿದ್ದವು.

ಬೀಗ ಹಾಕಿದ ಗೇಟು

ಇಲ್ಲಿಗೆ ನಿಲ್ಲಿಸಿ ಚೆಂದದ ವರದಿ ಬರೆಸಬಹುದಿತ್ತು. ಎಷ್ಟೋ ಇಂಟರ್ನ್‌ಶಿಪ್ ಮುಗಿಯುವುದೇ ವರದಿಯಲ್ಲಿ. "ಶಿಫಾರಸುಗಳು" ಅಂತ ಒಂದು ಪಟ್ಟಿ, ಅದನ್ನು ಯಾರೂ ತೆರೆಯಲ್ಲ. ಈ ಸಲ ಹಾಗೆ ಬೇಡ ಅಂತ ಮೆಂಟರ್ ಹತ್ತಿರ ಹೋಗಿ ಕೇಳಿದೆ: ಎಂಟರಲ್ಲಿ ಎರಡು ಕೇಂದ್ರಕ್ಕೆ, ನಾಲ್ಕು ವಾರ, ಹೊಸಬರಿಗೆ ಹೋಗುವ ಮೆಸೇಜನ್ನು ಅವಳೇ ಬರೆಯಲಿ, ಅವಳೇ ಕಳಿಸಲಿ. ಯಾರ ಸಹಿಯೂ ಬೇಡ.

"ಏನಾದ್ರೂ ಎಡವಟ್ಟಾದ್ರೆ?" ಅಂದರು.

"ಏನಾಗಬಹುದು, ಅದನ್ನೇ ಲೆಕ್ಕ ಹಾಕೋಣ" ಅಂದೆ. ಕೂತು ಹಾಕಿದೆವು. ತೀರಾ ಕೆಟ್ಟದ್ದಂದ್ರೆ ಹತ್ತು ಜನ ತಪ್ಪು ದಿನ ಬರುತ್ತಾರೆ, ಬಯ್ಯುತ್ತಾರೆ, ನಾವು ಕ್ಷಮೆ ಕೇಳುತ್ತೇವೆ. ಮಕ್ಕಳಿಗೆ ತೊಂದರೆ ಇಲ್ಲ, ಹಣ ಹೋಗಲ್ಲ. ಒಲ್ಲದ ಮನಸ್ಸಿನಿಂದ ಒಪ್ಪಿದರು.

ಅವಳ ಮೆಸೇಜು ಸೋಮವಾರ ಹೋಗುತ್ತಿತ್ತು. ಕೇಂದ್ರದ ಸಂಚಾಲಕರ ಹೆಸರಿನಲ್ಲಿ, ಯಾವ ಮಕ್ಕಳ ಗುಂಪು, ಎಷ್ಟು ಗಂಟೆಗೆ ಅಂತ ಹೇಳಿ, ಕೊನೆಗೆ "ಬರ್ತೀರಾ? ಹೌದು ಅಥವಾ ಇಲ್ಲ ಅಂತ ಒಂದು ಮಾತು ತಿಳಿಸಿ." ಇಲ್ಲ ಅಂದರೂ ಬೇಜಾರಿಲ್ಲ ಅನ್ನುವ ಒಂದು ಸಾಲು ಸೇರಿಸಿದ್ದಳು. ಅದು ನನಗೆ ಹೊಳೆಯುತ್ತಿರಲಿಲ್ಲ.

ಎರಡನೇ ವಾರವೇ ಎಡವಟ್ಟಾಯಿತು. ಒಂದು ಕೇಂದ್ರಕ್ಕೆ 11 ಗಂಟೆ ಅಂತ ಹಾಕುವ ಬದಲು 10 ಅಂತ ಹೋಯಿತು. ಐದು ಜನ ಒಂದು ಗಂಟೆ ಮುಂಚೆ ಬಂದು ಬೀಗ ಹಾಕಿದ ಗೇಟಿನ ಮುಂದೆ ನಿಂತರು. ಒಬ್ಬರು ಅದರ ಫೋಟೋ ತೆಗೆದು ಗುಂಪಿಗೆ ಹಾಕಿದರು. ಶನಿವಾರ ಅವಳಿಗೆ ರಜೆ. ಆದರೂ ಮನೆಯಿಂದಲೇ ಐದೂ ಜನಕ್ಕೆ ಫೋನ್ ಮಾಡಿ ತಪ್ಪು ತನ್ನದೇ ಅಂತ ಹೇಳಿದಳು. ಸಂಚಾಲಕರನ್ನು ಬೇಗ ಬಂದು ಗೇಟು ತೆಗೆಯಿರಿ ಅಂತ ಕೇಳಿಕೊಂಡಳು. ಆಮೇಲೆ ಮೆಂಟರ್‌ಗೆ ಫೋನ್ ಮಾಡಿ ಅತ್ತಳಂತೆ.

ಅವರು ಕೇಳಿದ್ದು ಎರಡೇ ಪ್ರಶ್ನೆ. "ಎಷ್ಟು ಜನಕ್ಕೆ ಹೋಯ್ತು? ಅವರಿಗೆ ಹೇಳಿದ್ಯಾ?" ಹೇಳಿದೆ ಸರ್ ಅಂದಾಗ "ಸರಿ, ಸೋಮವಾರ ಸಿಗೋಣ" ಅಂದರಂತೆ. ಇದನ್ನು ಅವಳು ನನಗೆ ಮೂರು ಸಲ ಹೇಳಿದ್ದಾಳೆ. ಹತ್ತು ಶುಕ್ರವಾರದ ತರಗತಿಗಳಲ್ಲಿ ನಾವು ಹೇಳಿದ ಯಾವ ಮಾತನ್ನೂ ಅವಳು ಒಂದು ಸಲವೂ ನನಗೆ ತಿರುಗಿ ಹೇಳಿದ್ದಿಲ್ಲ.

ತರಗತಿಗಳೇ ದಂಡ ಅಂತ ನಾನು ಹೇಳುತ್ತಿಲ್ಲ. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಎಂಜಿನಿಯರಿಂಗ್ ಪ್ರಾಧ್ಯಾಪಕರು 27 ವಿದ್ಯಾರ್ಥಿಗಳೊಂದಿಗೆ ಒಂದು ಪ್ರಯೋಗ ಶುರು ಮಾಡಿದರು. ಒಂದು ವಾರ ತರಗತಿ, ಒಂದು ವಾರ ಕಾರ್ಖಾನೆ. ಒಬ್ಬ ಕಾರ್ಖಾನೆಯಲ್ಲಿದ್ದಾಗ ಅವನ ಜೋಡಿ ತರಗತಿಯಲ್ಲಿ, ಮುಂದಿನ ವಾರ ಅದಲುಬದಲು. ಹಾಗೆ ಮಾಡಿದರೆ ಕಳೆದ ವಾರ ಕೈಯಲ್ಲಿ ಹಿಡಿದದ್ದರ ಬಗ್ಗೆ ಈ ವಾರ ಪ್ರಶ್ನೆ ಕೇಳೋದಕ್ಕೆ ಇರುತ್ತದೆ. ನಮ್ಮ ಶುಕ್ರವಾರಕ್ಕೂ ಸೋಮವಾರಕ್ಕೂ ಸಂಬಂಧವೇ ಇರಲಿಲ್ಲ. ಗೇಟಿನ ಘಟನೆ ಆದ ಮೇಲಿನ ಶುಕ್ರವಾರ ನಾನು ಸ್ಲೈಡು ಮುಚ್ಚಿ, "ಆವತ್ತು ನಡೆದದ್ದು ಹೇಳು" ಅಂತ ಅವಳನ್ನೇ ಕೇಳಿದೆ. ಆ ದಿನ ತರಗತಿ ಒಂದೂವರೆ ಗಂಟೆ ಜಾಸ್ತಿ ನಡೆಯಿತು. ಎಂದೂ ಬಾಯಿ ಬಿಡದ ಇಬ್ಬರು ತಮ್ಮ ತಮ್ಮ ವಿಭಾಗದಲ್ಲಿ ಸಿಕ್ಕಿಹಾಕಿಕೊಂಡದ್ದನ್ನು ಅವತ್ತೇ ಹೇಳಿದ್ದು.

ಅಂದ ಹಾಗೆ, "ವಾರದ ನಾಯಕ" ಅಂತ ಸರದಿಯ ಮೇಲೆ ಒಬ್ಬೊಬ್ಬರನ್ನು ಮಾಡುತ್ತಿದ್ದೆವು. ಆ ನಾಯಕರ ಅಧಿಕಾರ ಏನು ಅಂದ್ರೆ ತರಗತಿಗೆ ಕೋಣೆ ಕಾದಿರಿಸುವುದು. ಅದರ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯಲು ನನಗೆ ನಾಚಿಕೆ.

ಕೊನೆಯ ದಿನ

ನಾಲ್ಕು ವಾರದ ಲೆಕ್ಕ ಹೀಗೆ ಬಂತು. ಮೊದಲ ಕೇಂದ್ರದಲ್ಲಿ ಹೊಸಬರು 9, ಎರಡನೇ ಸಲ ಬಂದವರು 7. ಎರಡನೇ ಕೇಂದ್ರದಲ್ಲಿ ಹೊಸಬರು 8, ಮತ್ತೆ ಬಂದವರು 4. ಹಿಂದಿನ ಆರು ತಿಂಗಳಲ್ಲಿ 140ರಲ್ಲಿ 82 ಜನ ಮತ್ತೆ ಬಂದಿದ್ದರು, ಅಂದ್ರೆ ಶೇಕಡಾ 59. ಮೊದಲ ಕೇಂದ್ರ ಅದಕ್ಕಿಂತ ಚೆನ್ನಾಗಿದೆ, ಎರಡನೆಯದು ಅದಕ್ಕಿಂತ ಕೆಳಗಿದೆ. ಇಷ್ಟು ಕಡಿಮೆ ಜನರಲ್ಲಿ ಒಬ್ಬರಿಬ್ಬರು ಆಚೀಚೆ ಆದರೂ ಲೆಕ್ಕ ಬದಲಾಗುತ್ತದೆ ಅನ್ನೋದು ಬೇರೆ ಮಾತು.

ಕೊನೆಯ ದಿನ ಸಂಸ್ಥೆಯ ಹಿರಿಯರ ಮುಂದೆ ಎಲ್ಲರೂ ತಮ್ಮ ಕೆಲಸ ಹೇಳಬೇಕು. ಹಿಂದಿನ ಸಂಜೆ ಅವಳ ಸ್ಲೈಡು ನೋಡಿದೆ. ಈ ಸಲ ಆರೇ ಇದ್ದವು. ನಾನು ಹೇಳಿದೆ: "ಎರಡೂ ಕೇಂದ್ರ ಸೇರಿಸಿ ತೋರಿಸು. 17ರಲ್ಲಿ 11. ಶೇಕಡಾ 65 ಆಗುತ್ತೆ. 59 ಇದ್ದದ್ದು 65 ಆಯ್ತು ಅಂತ ಹೇಳಬಹುದು."

ಲೆಕ್ಕ ತಪ್ಪಲ್ಲ. ಸುಳ್ಳೂ ಅಲ್ಲ. ಕಾರ್ಯಕ್ರಮಕ್ಕೆ ಮುಂದಿನ ವರ್ಷ ಹಣ ಬೇಕಿತ್ತು, ನನ್ನ ತಲೆ ಆ ಕಡೆ ಓಡಿತ್ತು.

ಅವಳು ಸ್ಕ್ರೀನನ್ನೇ ನೋಡುತ್ತಾ ಹೇಳಿದಳು: "ಸೇರಿಸಬಹುದು ಮೇಡಂ. ಆದ್ರೆ ಸೇರಿಸಿದ್ರೆ ಎರಡನೇ ಕೇಂದ್ರದಲ್ಲಿ ಏನಾಯ್ತು ಅಂತ ಯಾರೂ ಕೇಳಲ್ಲ."

ಮಾರನೇ ದಿನ ಬೇರೆ ಬೇರೆಯಾಗಿಯೇ ತೋರಿಸಿದಳು. ಹಿರಿಯರೊಬ್ಬರು ಕೇಳಿಯೇ ಕೇಳಿದರು, ಎರಡನೆಯದರಲ್ಲಿ ಏನಾಯಿತು ಅಂತ. ಅಲ್ಲಿನ ಸಂಚಾಲಕರಿಗೆ ಎರಡು ಕೇಂದ್ರದ ಹೊಣೆ ಇತ್ತು. "ಹೌದು, ಬರ್ತೀನಿ" ಅಂತ ಬಂದ ಉತ್ತರಗಳನ್ನು ನೋಡಲು ಅವರಿಗೆ ಪುರುಸೊತ್ತಿರಲಿಲ್ಲ. ಬಂದವರಿಗೆ ತಾವು ಬರುವುದು ಇಲ್ಲಿ ಯಾರಿಗೂ ಗೊತ್ತೇ ಇಲ್ಲ ಅನ್ನಿಸಿತ್ತು. ಇದನ್ನು ಅವಳು ಯಾರ ಮೇಲೂ ಬೊಟ್ಟು ಮಾಡದೆ ಹೇಳಿದಳು. ಮೂರು ತಿಂಗಳಲ್ಲಿ ಆ ಸಂಚಾಲಕರ ಹೊಣೆ ಒಂದು ಕೇಂದ್ರಕ್ಕೆ ಇಳಿಯಿತು. ಈಗ ಎಂಟೂ ಕೇಂದ್ರಕ್ಕೆ ಮೆಸೇಜು ಸೋಮವಾರವೇ ಹೋಗುತ್ತದೆ.

ಅವತ್ತು ಅತಿ ಹೆಚ್ಚು ಚಪ್ಪಾಳೆ ಬಿದ್ದದ್ದು ಇನ್ನೊಬ್ಬ ಹುಡುಗನಿಗೆ. ಚೆನ್ನಾಗಿ ಮಾತಾಡುತ್ತಾನೆ, ಆಯ್ಕೆಯ ಸಂದರ್ಶನದಲ್ಲೂ ಮೊದಲ ಸ್ಥಾನ ಅವನದೇ. ಅವನ ವಿಷಯ ಏನಿತ್ತು ಅಂತ ಈಗ ನೆನಪಿಗೆ ಬರುತ್ತಿಲ್ಲ, ಫೈಲ್ ತೆಗೆದು ನೋಡಬೇಕು. ಅದು ಅವನ ತಪ್ಪಲ್ಲ. ಅವನಿಗೂ ಒಂದು ಗೇಟು ಕೊಡಬೇಕಿತ್ತು.

ಅಭಿಪ್ರಾಯದ ನಮೂನೆಯಲ್ಲಿ ಕಾರ್ಯಕ್ರಮಕ್ಕೆ ಸಿಕ್ಕ ಸರಾಸರಿ ಅಂಕ 5ಕ್ಕೆ 4.6. ಹೆಮ್ಮೆಯಿಂದ ವರದಿಗೆ ಹಾಕಿದೆ. ಬಿಡಿಸಿ ನೋಡಿದರೆ ನಾಲ್ವರು 5 ಕೊಟ್ಟಿದ್ದರು, ಒಬ್ಬಳು 3. ಬಿಟ್ಟುಹೋದ ಹುಡುಗನನ್ನು ನಾವು ಕೇಳಿರಲೇ ಇಲ್ಲ. 3 ಕೊಟ್ಟವಳು ಕೆಳಗೆ ಬರೆದಿದ್ದಳು: "ಕೊನೆಯ ಆರು ವಾರಕ್ಕೆ 5. ಮೊದಲ ನಾಲ್ಕಕ್ಕೆ ಸೊನ್ನೆ. 6 ವಾರಕ್ಕೆ 5ರಂತೆ 30, ಹತ್ತರಿಂದ ಭಾಗಿಸಿದರೆ 3."

ಆಮೇಲೆ

ನಮ್ಮಲ್ಲಿ ಅವಳಿಗೆ ಕೆಲಸ ಸಿಗಲಿಲ್ಲ, ಜಾಗ ಇರಲಿಲ್ಲ. ಬೇರೆ ಕಡೆ ಸೇರಿದಳು. ಅಲ್ಲಿನ ಸಂದರ್ಶನದಲ್ಲಿ ನಾಯಕತ್ವಕ್ಕೆ ಉದಾಹರಣೆ ಕೇಳಿದಾಗ ಬೀಗ ಹಾಕಿದ ಗೇಟಿನ ಕತೆ ಹೇಳಿದಳಂತೆ. ಕೊನೆಯಲ್ಲಿ ನಿಮ್ಮದೇನಾದರೂ ಪ್ರಶ್ನೆ ಇದೆಯಾ ಅಂದಾಗ ಅವಳು ಈಗ ಎಲ್ಲ ಕಡೆ ಕೇಳುವುದು ಎರಡು: ಮೊದಲ ವಾರ ನಾನು ಯಾರ ಪಕ್ಕ ಕೂರುತ್ತೇನೆ, ಅವರು ಆ ವಾರ ಊರಲ್ಲಿ ಇರುತ್ತಾರಾ. ಎರಡನೇ ಪ್ರಶ್ನೆಗೆ ಎದುರಿನವರು ನಗುತ್ತಾರಂತೆ. ಉತ್ತರ ಬರುವವರೆಗೂ ಅವಳು ಕಾಯುತ್ತಾಳೆ.

ನಾವು ಬದಲಿಸಿದ್ದರಲ್ಲಿ ಸುಲಭದವು ಬೇಗ ಆದವು. ಲಾಗಿನ್ ಮೊದಲ ದಿನಕ್ಕೆ ಮುಂಚೆಯೇ ತಯಾರಿರುತ್ತದೆ. ಸ್ಟೈಪೆಂಡ್ ಹದಿನೈದು ದಿನಕ್ಕೊಮ್ಮೆ ಹೋಗುತ್ತದೆ, ಅರ್ಧಕ್ಕೆ ಬಿಟ್ಟವರಿಗೂ ಅಲ್ಲಿಯವರೆಗಿನದು ಸಿಗುತ್ತದೆ. ಶುಕ್ರವಾರದ ಹಾಳೆಯಲ್ಲಿ ಮೊದಲ ಪ್ರಶ್ನೆಯೇ "ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ?" ಮೊದಲ ವಾರ ಯಾರೂ ಅದನ್ನು ತುಂಬಲಿಲ್ಲ. ಎರಡನೇ ವಾರ ನಾನೇ ಒಂದು ಹಾಳೆಯಲ್ಲಿ ನನ್ನ ಉತ್ತರ ಬರೆದು ಎಲ್ಲರಿಗೂ ಕೊಟ್ಟೆ. ಮೂರನೇ ವಾರದಿಂದ ಬರೆಯತೊಡಗಿದರು.

ಕಷ್ಟದ್ದು ಇನ್ನೊಂದು. ಇಂಟರ್ನ್ ಬೇಕು ಅಂತ ಕೇಳುವ ವಿಭಾಗಗಳು ತುಂಬಬೇಕಾದ ನಮೂನೆಗೆ ಒಂದು ಸಾಲು ಸೇರಿಸಿದೆ: "ಯಾರನ್ನೂ ಕೇಳದೆ ಈ ವಿದ್ಯಾರ್ಥಿ ತಾನೇ ತೆಗೆದುಕೊಳ್ಳಬಹುದಾದ ಒಂದು ನಿರ್ಧಾರ ಯಾವುದು?" ಮುಂದಿನ ಸಲ ಒಂಬತ್ತು ನಮೂನೆ ಬಂದವು. ನಾಲ್ಕರಲ್ಲಿ ಆ ಜಾಗ ಖಾಲಿ ಇತ್ತು. ಹಿಂದಕ್ಕೆ ಕಳಿಸಿದೆ. ಎರಡು ತುಂಬಿಕೊಂಡು ಬಂದವು. ಒಂದು ವಿಭಾಗ ಉತ್ತರವನ್ನೇ ಕೊಡಲಿಲ್ಲ. ಲೆಕ್ಕದ ವಿಭಾಗದವರು ಹಾಗಿದ್ದರೆ ತಮಗೆ ಇಂಟರ್ನ್ ಬೇಡ ಅಂದರು, ರಸೀದಿ ಹಾಕೋದಕ್ಕೆ ಸಂಬಳ ಕೊಟ್ಟು ಒಬ್ಬರನ್ನು ತೆಗೆದುಕೊಂಡರು.